ಅರವತ್ತೈದನೆಯ ಪುಟ

"ನನ್ನ ಶೂ ಪಾಲಿಶ್ ಆಯ್ತಾ? ಇಲ್ಲಾಂದ್ರೆ ಅಮ್ಮಂಗೆ ಹೇಳ್ಲಾ?"

ಅಣ್ಣ ಬಾಗಿಲಿಗೆ ಒರಗಿ ಹಲ್ಲು ಕಿರಿದ. ಚಿಟ್ಟಿ ಬ್ರಶ್ ಎತ್ತಿಕೊಂಡಳು. ಇದು ಎಂಟನೆಯ ದಿನ.

"ನೀನು ಬ್ಲ್ಯಾಕ್‌ಮೇಲ್ ಮಾಡ್ತಿದೀಯ!"

"ಅಬ್ಬಬ್ಬಾ, ಇಂಗ್ಲಿಷ್ ಪಂಡಿತೆ! ಹಾಗಂದ್ರೇನು ಅಂತ ಗೊತ್ತಾ ಮೊದಲು?"

ಅಮ್ಮ ಹಳೆಯ ಪುಸ್ತಕಗಳಿಗೆ ಬೈಂಡ್ ಹಾಕುವವಳು. ಬಿಚ್ಚಿದ ಪುಸ್ತಕದ ಫಾರಂಗಳನ್ನು, ಅಂದರೆ ಹದಿನಾರು ಹದಿನಾರು ಪುಟಗಳ ಮಡಿಕೆಗಳನ್ನು, ಎಣಿಸಿ ಜೋಡಿಸುವುದು ಚಿಟ್ಟಿಯ ಪಾಲಿನ ಕೆಲಸ. ಅವಳು ಎಣಿಸಿದ್ದನ್ನು ಅಮ್ಮ ಮತ್ತೆ ಎಣಿಸುತ್ತಿರಲಿಲ್ಲ.

ಕಳೆದ ವಾರ ಲೈಬ್ರರಿಯ ಪುಸ್ತಕದ ಒಂದು ಫಾರಂ ಮೇಲೆ ಅಂಟಿನ ಡಬ್ಬಿ ಮಗುಚಿತ್ತು. ಹೆದರಿದ ಚಿಟ್ಟಿ ಅದನ್ನು ಹಾಸಿಗೆಯ ಕೆಳಗೆ ಬಚ್ಚಿಟ್ಟು, "ಎಲ್ಲಾ ಸರಿಯಿದೆ ಅಮ್ಮ" ಎಂದಿದ್ದಳು. ಅಣ್ಣ ನೋಡಿಬಿಟ್ಟಿದ್ದ. ಪುಸ್ತಕ ಈಗ ಹೊಲಿದು ಮುಗಿದಿತ್ತು. ಇನ್ನು ರಟ್ಟು ಅಂಟಿಸುವುದೊಂದೇ ಬಾಕಿ.

ಚಿಟ್ಟಿ ತಾತನ ಬಳಿಗೆ ಹೋದಳು. ತಾತ ಇಂಗ್ಲಿಷ್ ಮೇಷ್ಟ್ರಾಗಿದ್ದವರು.

"ತಾತ, ಬ್ಲ್ಯಾಕ್‌ಮೇಲ್‌ನಲ್ಲಿ ಮೇಲ್ ಅಂದ್ರೆ ಕಾಗದಾನಾ?"

ತಾತ ಕನ್ನಡಕವನ್ನು ಹಣೆಗೇರಿಸಿದರು. "ಎಲ್ಲರೂ ಹಾಗೇ ಅಂದ್ಕೋತಾರೆ ಕಣಮ್ಮ. ಅದು ಬೇರೇನೇ ಹಳೇ ಪದ. ಬಾಡಿಗೆ, ಕಪ್ಪ ಅಂತ ಅರ್ಥ. ಸ್ಕಾಟ್‌ಲೆಂಡ್ ಗಡೀಲಿ ದನ ಕದಿಯೋ ತಂಡಗಳಿದ್ವು. 'ಕಪ್ಪ ಕೊಡಿ, ನಿಮ್ಮ ತಂಟೆಗೆ ಬರಲ್ಲ' ಅಂತ ರೈತರನ್ನ ಹೆದರಿಸ್ತಿದ್ರು. ಅನ್ಯಾಯದ್ದು ಅಂತ ಅದಕ್ಕೆ ಬ್ಲ್ಯಾಕ್ ಸೇರ್ಕೊಳ್ತು ಅಂತಾರೆ."

"ಕೊಟ್ಟ ಮೇಲೆ ಸುಮ್ಮನಾಗ್ತಿದ್ರಾ?"

"ಎಲ್ಲಿಯ ಸುಮ್ಮನೆ! ಮುಂದಿನ ವರ್ಷ ಮತ್ತೆ ಹಾಜರು."

"ಕೊಡದಿದ್ರೆ?"

"ದನ ಹೋಗ್ತಿತ್ತು," ಎಂದರು ತಾತ ಗಂಭೀರವಾಗಿ.

ಚಿಟ್ಟಿ ಬಹಳ ಹೊತ್ತು ಕೂರಲಿಲ್ಲ. ಮುಂದಿನ ಕೋಣೆಯಲ್ಲಿ ಅಮ್ಮ ರಟ್ಟಿಗೆ ಅಂಟು ಬಳಿಯಲು ಕುಂಚ ಅದ್ದಿದ್ದಳು.

"ಅಮ್ಮ, ನಿಲ್ಸು."

ಚಿಟ್ಟಿ ಹಾಸಿಗೆಯ ಕೆಳಗಿನಿಂದ ತಂದಿಟ್ಟ, ಕಲೆಯಾಗಿ ಸೆಟೆದುಕೊಂಡಿದ್ದ ಫಾರಂ ಅನ್ನು ಅಮ್ಮ ಕೈಗೆ ತೆಗೆದುಕೊಂಡಳು. ಮೇಲಿನ ಪುಟದ ಸಂಖ್ಯೆ ಅರವತ್ತೈದು. ಹೊಲಿದ ಪುಸ್ತಕ ತೆರೆದು ನೋಡಿದಳು. ಅರವತ್ತನಾಲ್ಕು, ಅದರ ಪಕ್ಕದಲ್ಲೇ ಎಂಬತ್ತೊಂದು.

"ನಾನು ಎಣಿಸಲೇ ಇಲ್ಲ," ಎಂದಳು ಅಮ್ಮ ಮೆಲ್ಲಗೆ. "ನೀನು ಎಣಿಸಿದೀಯಲ್ಲ ಅಂತ."

ಬೈದಿದ್ದರೆ ಎಷ್ಟೋ ವಾಸಿ ಎನ್ನಿಸಿತು ಚಿಟ್ಟಿಗೆ. ಎಂಟು ದಿನ ಅಣ್ಣನಿಗೆ ತೆತ್ತದ್ದರಲ್ಲಿ ಅಮ್ಮನಿಗೆ ಏನೂ ಸಂದಿರಲಿಲ್ಲ.

ಅಮ್ಮ ಬ್ಲೇಡು ತೆಗೆದಳು. "ಪುಸ್ತಕದ ಬೆನ್ನು ಗಟ್ಟಿಯಾಗಿ ಹಿಡ್ಕೋ."

ಎರಡು ದಿನದ ಹೊಲಿಗೆ ದಾರದ ತುಂಡುಗಳಾಗಿ ನೆಲಕ್ಕೆ ಬಿತ್ತು. ಫಾರಂಗಳು ಬಿಡಿಬಿಡಿಯಾದವು. ಅಮ್ಮ ಅವನ್ನು ಚಿಟ್ಟಿಯ ಮುಂದೆ ಸರಿಸಲಿಲ್ಲ, ತಾನೇ ಎಣಿಸತೊಡಗಿದಳು.

ಒಂದು, ಎರಡು, ಮೂರು...

ಚಿಟ್ಟಿ ತುಟಿ ಅಲುಗಿಸದೆ, ಮನಸ್ಸಿನೊಳಗೇ, ಜೊತೆಗೆ ಎಣಿಸಿದಳು.