ಅಡವಿ ಸೇರಿದ ಟಗರು

“ಮಾಮಾ, ಆ ಟಗರು ಸಾಯತೈತಿ!”

೨೦೦೬ರ ಆ ಭಾನುವಾರ, ತನ್ನನ್ನು ನೋಡಲು ಬಂದವರ ಮುಂದೆ ಚಹಾ ಚೆಲ್ಲುವಂತೆ ಕಪ್ಪು ಇಡುತ್ತ ಕಾವ್ಯಾ ಆಡಿದ ಮೊದಲ ಮಾತು ಅದು.

ಬ್ಯಾಡಗಿಯಿಂದ ಬಂದಿದ್ದ ಸೋದರತ್ತೆ ಬೀರವ್ವ ಬಾಯಿಗೊಯ್ದ ಅವಲಕ್ಕಿ ಅಲ್ಲೇ ನಿಂತಿತು. ಅವಳ ಮಗ ಮಾಲತೇಶ ಮಾತ್ರ ತಲೆ ತಗ್ಗಿಸಿದ. ಯಾವ ಟಗರು ಎಂದು ಅವನಿಗೆ ಗೊತ್ತಿತ್ತು!

ಕಾವ್ಯಾಳಿಗೆ ಇನ್ನೂ ಅಕ್ಷರ ಕೂಡಿಸಿ ಓದಲು ಬಾರದ ವಯಸ್ಸಿನಲ್ಲಿ, ಹಲಗೇರಿಯ ಇದೇ ಪಡಸಾಲೆಯಲ್ಲಿ, ಅವನು ಅವಳಿಗೊಂದು ಮಕ್ಕಳ ಕಾದಂಬರಿ ಓದಿ ಹೇಳಿದ್ದ. ಕಾಳಗದ ಟಗರೊಂದರ ಕಥೆ. ಕೊನೆಗೆ ಅದು ಹಗ್ಗ ಹರಿದುಕೊಂಡು ಅಡವಿಗೆ ಓಡಿ ಕೃಷ್ಣಮೃಗಗಳ ಹಿಂಡು ಸೇರಿತು. ಅದೇ ದಿನ ಮನೆಯ ಟಗರು ಬೂದ್ಯಾ ಕೂಡ ಕಾಣೆಯಾಗಿತ್ತು. “ಅದೂ ಅಲ್ಲಿಗೇ ಹೋಗೇತಿ” ಎಂದಿದ್ದ ಮಾಮಾ.

ಅವಳು ನಂಬಿದಳು. ಟಗರಿನ ಆಯುಷ್ಯ ಎಷ್ಟೆಂದು ಕುರಿ ಸಾಕುವ ಮನೆಯ ಹುಡುಗಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಆದರೂ ರಾಣೆಬೆನ್ನೂರಿನಲ್ಲಿ ಟೀಚರ್ ಆದ ಮೇಲೂ, ಕೃಷ್ಣಮೃಗಗಳ ಅಭಯಾರಣ್ಯದ ಪಕ್ಕ ಹಾಯುವ ಬಸ್ಸಿನಲ್ಲಿ ಕಿಟಕಿಯ ಸೀಟನ್ನೇ ಹಿಡಿಯುತ್ತಿದ್ದಳು...

ಮೊನ್ನೆ ಹಾವೇರಿಯಲ್ಲಿ ಅದೇ ಪುಸ್ತಕ ಸಿಕ್ಕಿತು. “ಅಂಜಬ್ಯಾಡ್ರಿ, ಟಗರು ಉಳಿತೈತಿ” ಎಂದು ಮಕ್ಕಳಿಗೆ ಮಾತು ಕೊಟ್ಟು ತರಗತಿಯಲ್ಲಿ ಓದಿದಳು. ಕೊನೆಯ ಪುಟದಲ್ಲಿ ಟಗರನ್ನು ಕಡಿದರು. ಇಡೀ ತರಗತಿ ಅತ್ತಿತು. ಟೀಚರ್ ಕೂಡ!

‘ಇಷ್ಟು ಚೆಂದ ಸುಳ್ಳು ಹೇಳುವವನನ್ನು ಕಟ್ಟಿಕೊಂಡು ಬಾಳುವುದು ಹೇಗೆ?’

“ನಮ್ಮ ಬೂದ್ಯಾ ಎಲ್ಲಿ ಹೋತು?” ಈಗ ಎಲ್ಲರೆದುರೇ ಮಾಲತೇಶನನ್ನು ಕೇಳಿದಳು. “ಖರೇ ಹೇಳು. ಇಲ್ಲಂದ್ರ ಈ ಮದುವಿ ಬ್ಯಾಡ.”

ಅಪ್ಪ ಜಟ್ಟೆಪ್ಪ ಕೆಮ್ಮಿದ. “ಅವತ್ತ ನಿಮ್ಮತ್ತಿ ಮನಿಯವರು ಬಂದಿದ್ರವ್ವಾ...”

“ನಿನ್ನ ಕೇಳಿಲ್ಲ, ಯಪ್ಪಾ.”

ಮಾಲತೇಶ ತಲೆ ಎತ್ತಿದ. “ಹಿತ್ತಲದಾಗ ಅದನ್ನ ಕೊಯ್ಯಾಕತ್ತಿದ್ರು. ಪುಸ್ತಕದಾಗೂ ಅದನ್ನ ಬರದಿದ್ರು. ನೀ ಎದುರಿಗೆ ಕುಂತಿದ್ದಿ... ನಾ ಏನ ಓದಲಿ?”

ಕಾವ್ಯಾ ಒಂದು ಹೆಜ್ಜೆ ಮುಂದೆ ಬಂದಳು.

“ಆಮ್ಯಾಲೆ ಅದನ್ನ ಉಂಡ್ಯಲ್ಲ?”

ಉತ್ತರ ಬಂದದ್ದು ಬೀರವ್ವನಿಂದ, ಹಳೆಯ ಸಿಟ್ಟಿನೊಂದಿಗೆ. “ಎಲ್ಲಿ ಉಂಡಾನ! ಅವತ್ತ ತಾಟಿನ ಮುಂದಿಂದ ಎದ್ದಾಂವ, ಇವತ್ತಿಗೂ ಮಟನ್ ಮುಟ್ಟಂಗಿಲ್ಲ. ಕುರಿ ಹಿಂಡಿನ ಮನ್ಯಾಗ ಹುಟ್ಟಿ! ದೇವರಗುಡ್ಡಕ್ಕ ಹರಕಿ ಹೊತ್ತೆ, ತಾಯತ ಕಟ್ಟಿಸಿದೆ... ನಿನ್ನ ಸಲುವಾಗಿ ಅಂತ ಈಗ ಗೊತ್ತಾತ ನನಗ!”

ಕಾವ್ಯಾಳಿಗೆ ನಗು ಬಂತು. ಕಣ್ಣೀರು ಅದಕ್ಕೂ ಮೊದಲೇ ಬಂದಿತ್ತು.

“ಮಾಮಾ... ನಾಳೆ ನಮ್ಮ ಸಾಲಿಗೆ ಬಾ. ಹುಡುಗರು ಇನ್ನೂ ಅಳಾಕತ್ತಾವ. ಕೊನೀ ಪುಟ ನೀನ ಓದು.”

“ಹೆಂಗ ಐತೋ ಹಂಗ?”

“ಬ್ಯಾಡ,” ಎಂದಳು, ಚೆಲ್ಲಿದ ಚಹಾ ಒರೆಸುತ್ತ. “ನನಗ ಓದಿ ಹೇಳಿದ್ಯಲ್ಲ, ಹಂಗ.”