ಹೊಲಿಗೆ ಹಾಕಿದ ಚಾರ್ಟು

"ಬಿಡು ಅಂದ್ರೆ ಬಿಡು."

"ನೀನು ಬಿಡು ಮೊದಲು."

ಇಬ್ಬರೂ ಬಿಡಲಿಲ್ಲ. ಪರ್ ಎಂದು ಸದ್ದಾಯಿತು. ಇಡೀ ಕ್ಲಾಸು ತಿರುಗಿ ನೋಡಿತು. ಗುಳ್ಳೆಯ ಕೈಯಲ್ಲಿ ಅರ್ಧ ಚಾರ್ಟು, ಸ್ಕೇಲ್ ಕೈಯಲ್ಲಿ ಇನ್ನರ್ಧ.

ಇವು ಅವರ ನಿಜವಾದ ಹೆಸರುಗಳೇನಲ್ಲ ಬಿಡಿ. ಒಬ್ಬಳ ಅಮ್ಮನದು ಸೋಡಾ ಅಂಗಡಿ. ಅವಳ ಬಾಯಿಯೂ ಸೋಡಾದ ಹಾಗೆ ಸದಾ ಬುಸುಬುಸು ಎನ್ನುತ್ತಿತ್ತು, ಅದಕ್ಕೇ ಗುಳ್ಳೆ. ಇನ್ನೊಬ್ಬಳ ಅಪ್ಪ ಟೈಲರ್. ಅಂಗಡಿಯ ಉದ್ದನೆಯ ಮರದ ಸ್ಕೇಲನ್ನು ಅವಳು ಸ್ಕೂಲಿಗೂ ಹೊತ್ತು ತರುತ್ತಿದ್ದಳು. ಗೆರೆ ಒಂಚೂರು ಸೊಟ್ಟಗಾದರೂ ಅವಳಿಗೆ ಊಟ ಸೇರುತ್ತಿರಲಿಲ್ಲ. ಎರಡು ಅಂಗಡಿಗೂ ನಡುವೆ ಒಂದೇ ಗೋಡೆ. ಒಂದನೇ ಕ್ಲಾಸಿನಿಂದ ಇಬ್ಬರಿಗೂ ಒಂದೇ ಬೆಂಚು.

ಜಗಳ ಶುರುವಾದದ್ದು ಒಂದು ಬಾಣದಿಂದ.

ನಾಳೆ ವಿಜ್ಞಾನ ಪ್ರದರ್ಶನ. ಇಬ್ಬರೂ ಸೇರಿ ವಾರವೆಲ್ಲ ಕೂತು ಬರೆದ ಚಾರ್ಟಿನಲ್ಲಿ ಎರಡು ಗೆರೆಗಳಿದ್ದವು. ಕೆಂಪು ಗೆರೆ ಭೂಮಿಯ ಬಿಸಿ ಎಷ್ಟಿತ್ತು ಎಂದು ಹೇಳುತ್ತಿತ್ತು. ನೀಲಿ ಗೆರೆ ಗಾಳಿಯಲ್ಲಿ ಕಾರ್ಬನ್ ಡೈಆಕ್ಸೈಡ್ ಎಷ್ಟಿತ್ತು ಎಂದು ಹೇಳುತ್ತಿತ್ತು. ಚಾರ್ಟಿನ ಎಡಗಡೆ ಲಕ್ಷಾಂತರ ವರ್ಷಗಳ ಹಿಂದಿನ ಕಾಲ, ಬಲಗಡೆಯ ತುದಿಯಲ್ಲಿ ಈಗಿನ ಕಾಲ. ಕೆಂಪು ಏರಿದಾಗ ನೀಲಿಯೂ ಏರುತ್ತಿತ್ತು, ಇದು ಇಳಿದರೆ ಅದೂ ಇಳಿಯುತ್ತಿತ್ತು. ಯಾವುದರಿಂದ ಯಾವುದಾಯಿತು ಎಂದು ತೋರಿಸುವ ಬಾಣ ಒಂದು ಬಾಕಿ ಇತ್ತು.

"ಗ್ಯಾಸ್ ಜಾಸ್ತಿ ಆದ್ರೆ ಬಿಸಿ ಜಾಸ್ತಿ. ಬುಕ್ಕಲ್ಲೇ ಇದೆ. ಬಾಣ ನೀಲಿಯಿಂದ ಕೆಂಪಿಗೆ," ಎಂದಿದ್ದಳು ಸ್ಕೇಲ್.

"ಕಣ್ಣು ಬಿಟ್ಟು ನೋಡು. ಇಲ್ಲಿ ಕೆಂಪೇ ಒಂಚೂರು ಮೊದಲು ಏರಿದೆ. ಬಾಣ ಕೆಂಪಿಂದ ನೀಲಿಗೆ," ಎಂದಿದ್ದಳು ಗುಳ್ಳೆ.

ಆಮೇಲೆ ಆದದ್ದೇ ಪರ್.

"ನೀನೇ ಮೊದಲು ಎಳೆದಿದ್ದು."

"ನೀನು ಎಳೆದಿದ್ದಕ್ಕೇ ನಾನು ಎಳೆದಿದ್ದು."

"ಹೋಗು, ಠೂ."

"ನಂದೂ ಠೂ."

ಮಿಸ್ ಬಂದು ಎರಡೂ ತುಂಡುಗಳನ್ನು ನೋಡಿದರು. ಬೈಯಲಿಲ್ಲ. "ನಾಳೆ ಬೆಳಗ್ಗೆ ಇಡೀ ಚಾರ್ಟು ತಂದ್ರೆ ಮೊದಲನೇ ಟೇಬಲ್ ನಿಮ್ಮದು. ಇಲ್ಲಾಂದ್ರೆ ಬೇರೆಯವರಿಗೆ ಕೊಡ್ತೀನಿ. ಅರ್ಧರ್ಧ ಚಾರ್ಟಿಗೆಲ್ಲ ಟೇಬಲ್ ಇಲ್ಲ," ಎಂದರು.

ಒಂದೇ ಬೀದಿಯಲ್ಲಿರುವವರು ಠೂ ಬಿಡಬಾರದು. ಬಿಟ್ಟರೆ ಮನೆಗೆ ಹೋಗುವುದೇ ಕಷ್ಟ. ಗುಳ್ಳೆ ರಸ್ತೆಯ ಈ ಕಡೆ, ಸ್ಕೇಲ್ ಆ ಕಡೆ. ಒಬ್ಬಳು ಬಿರುಸಾಗಿ ನಡೆದರೆ ಇನ್ನೊಬ್ಬಳೂ ಬಿರುಸಾಗಿ ನಡೆದಳು. ಕೊನೆಗೆ ಇಬ್ಬರೂ ಏದುಸಿರು ಬಿಡುತ್ತಾ ಒಟ್ಟಿಗೇ ಅಂಗಡಿ ಮುಟ್ಟಿದರು.

"ಮೂತಿ ಯಾಕೆ ಊದಿದೆ?" ಎಂದು ಕೇಳಿದರು ಗುಳ್ಳೆಯ ಅಮ್ಮ, ಸೋಡಾ ಮಷೀನಿಗೆ ಬಾಟಲಿ ಸಿಕ್ಕಿಸುತ್ತಾ.

ಗುಳ್ಳೆ ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದಳು. ಅಮ್ಮ ನಕ್ಕುಬಿಟ್ಟರು. "ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಅನ್ನೋರು ಒಬ್ಬರಿದ್ರೇ ಸಾಕು, ಇಲ್ಲಿ ಇಬ್ಬರಿದೀರ. ಹೋಗು, ಹೊರಗಡೆ ಕ್ರೇಟ್ ಇದೆ, ಒಳಗೆ ತಂದಿಡು. ಬಿಸಿಲು ಬೀಳ್ತಿದೆ."

ಈ ಕಿವಿಯಲ್ಲಿ ಕೇಳಿ ಆ ಕಿವಿಯಲ್ಲಿ ಬಿಟ್ಟಳು ಗುಳ್ಳೆ. ಮೂಲೆಯ ಸ್ಟೂಲಿನ ಮೇಲೆ ಕೂತು, ತನ್ನ ಅರ್ಧ ಚಾರ್ಟಿನಲ್ಲಿ ಕೆಂಪಿಂದ ನೀಲಿಗೆ ದಪ್ಪನೆಯ ಬಾಣ ಬರೆದಳು. ಸ್ಕೇಲ್ ಇಲ್ಲದೆ ಅದು ಸೊಟ್ಟಗಾಯಿತು.

ದಿನಾ ಈ ಹೊತ್ತಿಗೆ ಅವಳು ಗೋಡೆಗೆ ಎರಡು ಸಲ ಗುದ್ದುತ್ತಿದ್ದಳು. ಆ ಕಡೆಯಿಂದ ಸ್ಕೇಲ್ ಮೂರು ಸಲ ಗುದ್ದುತ್ತಿದ್ದಳು. ಇವತ್ತು ಕೈ ಮೇಲಕ್ಕೆ ಹೋಯಿತು, ಹಾಗೇ ಕೆಳಗೆ ಬಂತು. ಗುಳ್ಳೆಗೆ ಅಳು ಬಂತು. ಗೋಡೆಯ ಆಚೆ ಕೇಳಿಸಿದರೆ ಮರ್ಯಾದೆ ಹೋಗುತ್ತದೆಂದು ನುಂಗಿಕೊಂಡಳು.

ಅಷ್ಟರಲ್ಲಿ ಟೈಲರ್ ಮಾಮ ಬಂದರು. ಕುತ್ತಿಗೆಯಲ್ಲಿ ಟೇಪು, ಕಿವಿಯ ಮೇಲೆ ಪೆನ್ಸಿಲು. "ಒಂದು ಸೋಡಾ ಕೊಡಮ್ಮ ಗುಳ್ಳೆ. ಬೆಳಗ್ಗೆಯಿಂದ ಹೊಲಿದು ಹೊಲಿದು ಗಂಟಲು ಒಣಗಿದೆ."

ಗುಳ್ಳೆ ಹೊರಗಿದ್ದ ಕ್ರೇಟಿನಿಂದಲೇ ಒಂದು ಬಾಟಲಿ ತೆಗೆದು, ಓಪನರ್ ಹಾಕಿ ಎತ್ತಿದಳು.

ಬುಸ್.

ಅರ್ಧ ಸೋಡಾ ಟೈಲರ್ ಮಾಮನ ಮುಖದ ಮೇಲಿತ್ತು. ಮೀಸೆಯ ಎರಡೂ ತುದಿಯಿಂದ ತೊಟ್ಟಿಕ್ಕುತ್ತಿತ್ತು. ಪಕ್ಕದ ಬಾಗಿಲಲ್ಲಿ ಯಾರೋ ಕಿಸಕ್ಕೆಂದು ನಕ್ಕರು. ಸ್ಕೇಲ್! ಗುಳ್ಳೆಗೂ ನಗು ತಡೆಯಲಾಗಲಿಲ್ಲ. ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಆಮೇಲೆ ಠೂ ನೆನಪಾಗಿ ಇಬ್ಬರೂ ಗಕ್ಕನೆ ನಿಲ್ಲಿಸಿದರು.

"ಕ್ರೇಟು ಬಿಸಿಲಲ್ಲೇ ಇತ್ತಾ?" ಅಮ್ಮ ಟವೆಲ್ ಹಿಡಿದುಕೊಂಡು ಓಡಿ ಬಂದರು. "ಎಷ್ಟು ಸಲ ಹೇಳಿದೀನಿ. ನೀರು ತಣ್ಣಗಿದ್ರೆ ಗ್ಯಾಸು ಒಳಗೆ ಕೂತ್ಕೊಂಡಿರುತ್ತೆ. ಬಿಸಿ ಆದ್ರೆ ಹೊರಗೆ ಓಡುತ್ತೆ."

"ಸಾರಿ ಮಾಮ," ಎಂದಳು ಗುಳ್ಳೆ. ಎಂದವಳ ಕಣ್ಣು ತಟ್ಟನೆ ಅರಳಿತು. "ಮಾಮ, ಸೋಡಾ ಗ್ಯಾಸ್ ಅಂದ್ರೆ ನಮ್ಮ ಚಾರ್ಟಿನ ಕಾರ್ಬನ್ ಡೈಆಕ್ಸೈಡೇ, ಅದು ಸಮುದ್ರದಲ್ಲೂ ಇದೆ. ಮಿಸ್ ಹೇಳಿದಾರೆ. ಹಾಗಾದ್ರೆ ಸಮುದ್ರ ಬಿಸಿ ಆದ್ರೂ ಇದೇ ಕತೆ. ನಿಮ್ಮ ಮಗಳಿಗೆ ಹೇಳಿ, ಬಿಸಿ ಮೊದಲು, ಗ್ಯಾಸ್ ಆಮೇಲೆ."

ಟೈಲರ್ ಮಾಮ ಮುಖ ಒರೆಸಿಕೊಳ್ಳುತ್ತಾ ಮಗಳ ಕಡೆ ತಿರುಗಿದರು. "ಬಿಸಿ ಮೊದಲಂತಮ್ಮ."

"ಅಪ್ಪ, ಹೊರಗೆ ಬಂದ ಗ್ಯಾಸ್ ಎಲ್ಲಿಗೆ ಹೋಗುತ್ತೆ ಅಂತ ಅವಳನ್ನ ಕೇಳು."

"ಎಲ್ಲಿಗೆ ಹೋಗುತ್ತಂತೆ?"

"ಗಾಳಿಗೆ ಅಂತ ಹೇಳಿ."

"ಗಾಳಿಲಿ ಸೇರ್ಕೊಂಡು ಏನು ಮಾಡುತ್ತೆ ಅಂತ ಕೇಳಪ್ಪ."

ಉತ್ತರ ಗುಳ್ಳೆಗೆ ಗೊತ್ತಿತ್ತು. "ಕಂಬಳಿ ಥರ ಶಾಖ ಹಿಡ್ಕೊಳುತ್ತೆ," ಎಂದಳು ಮೆಲ್ಲಗೆ.

"ಆಗ ಸಮುದ್ರ?"

"ಇನ್ನೂ ಬಿಸಿ ಆಗುತ್ತೆ."

"ಆಗ?"

"ಇನ್ನಷ್ಟು ಗ್ಯಾಸ್ ಬರುತ್ತೆ. ಆಗ ಮತ್ತೆ ಬಿಸಿ. ಆಗ ಮತ್ತೆ..." ಗುಳ್ಳೆಯ ಬೆರಳು ಗಾಳಿಯಲ್ಲಿ ಗುಂಡಗೆ ಸುತ್ತುತ್ತಿತ್ತು.

ಟೈಲರ್ ಮಾಮ ಕುತ್ತಿಗೆ ನೀವಿಕೊಂಡರು. "ನೀವಿಬ್ಬರೇ ಮಾತಾಡ್ಕೊಳ್ತಿದೀರಲ್ಲ, ಇನ್ನು ನನಗೆ ಕೆಲಸ ಇಲ್ಲ. ಒಳ್ಳೇ ಸೋಡಾ ಒಂದು ಸಿಕ್ಕಿದ್ರೆ ಹೋಗ್ತೀನಿ."

ಸ್ಕೇಲ್ ಒಳಗೆ ಓಡಿ ತನ್ನ ಅರ್ಧ ತಂದಳು. ಗುಳ್ಳೆ ತನ್ನದನ್ನು ಪಕ್ಕದಲ್ಲಿಟ್ಟಳು. ಇಬ್ಬರೂ ಮಂಡಿಯೂರಿ ನೋಡಿದರು. ಗುಳ್ಳೆಯ ತುಂಡಿನಲ್ಲಿದ್ದದ್ದು ಹಳೇ ಕಾಲ. ಅಲ್ಲಿ ಕೆಂಪು ಮುಂದೆ, ನೀಲಿ ಅದರ ಹಿಂದೆ. ಸ್ಕೇಲ್ ತುಂಡಿನ ತುದಿಯಲ್ಲಿದ್ದದ್ದು ಈಗಿನ ಕಾಲ. ಅಲ್ಲಿ ನೀಲಿ ಗೆರೆ ಗೋಡೆ ಹತ್ತಿದ ಹಾಗೆ ನೆಟ್ಟಗೆ ಮೇಲೇರಿ, ಹಾಳೆ ಸಾಲದೆ, ಮೇಲೊಂದು ಚೂರು ಅಂಟಿಸಬೇಕಾಗಿ ಬಂದಿತ್ತು. ಕೆಂಪು ಅದರ ಹಿಂದೆ ಓಡುತ್ತಿತ್ತು.

"ನೀನು ನಿನ್ನ ಕಡೆ ನೋಡ್ತಿದ್ದೆ, ನಾನು ನನ್ನ ಕಡೆ," ಎಂದಳು ಸ್ಕೇಲ್.

"ಹಳೇ ಕಾಲದಲ್ಲಿ ಭೂಮಿ ಮೇಲೆ ಬಿಸಿಲು ಬೀಳೋ ರೀತಿ ಬದಲಾಗಿ, ಬಿಸಿಯಿಂದ ಶುರುವಾಯ್ತು ಅಂತ ಬುಕ್ಕಲ್ಲಿತ್ತು," ಎಂದಳು ಗುಳ್ಳೆ. "ಆಮೇಲೆ ಗ್ಯಾಸು ಸೇರ್ಕೊಂಡು ಅದನ್ನ ಜಾಸ್ತಿ ಮಾಡ್ತು."

"ಈಗ?" ಎಂದು ಕೇಳಿದರು ಟೈಲರ್ ಮಾಮ.

"ಈಗ ಗ್ಯಾಸಿಂದ ಶುರು. ಗಾಡಿ ಹೊಗೆ, ಫ್ಯಾಕ್ಟರಿ ಹೊಗೆ," ಎಂದಳು ಸ್ಕೇಲ್. "ಈ ಸಲ ಶುರು ಮಾಡಿದ್ದು ನಾವೇ ಅಪ್ಪ."

ಟೈಲರ್ ಮಾಮ ಬಾಗಿಲಲ್ಲಿ ನಿಂತಿದ್ದ ತಮ್ಮ ಸ್ಕೂಟರನ್ನು ಒಮ್ಮೆ ನೋಡಿದರು.

ಟೇಪು ಅಂಟಿಸೋಣವೆಂದರೆ ಅಂಗಡಿಯಲ್ಲಿದ್ದದ್ದು ಅಳತೆಯ ಟೇಪು ಒಂದೇ. "ಕೊಡಿ ಇಲ್ಲಿ," ಎಂದು ಮಾಮ ಎರಡೂ ತುಂಡುಗಳನ್ನು ತಮ್ಮ ಹೊಲಿಗೆ ಮಷೀನಿಗೆ ಕೊಟ್ಟರು. "ಹೊಲಿಗೆ ದೊಡ್ಡದಾಗಿ ಹಾಕ್ಬೇಕು. ಚಿಕ್ಕದಾದ್ರೆ ಕಾಗದ ಮತ್ತೆ ಹರಿಯುತ್ತೆ." ಟಕಟಕಟಕ ಎಂದು ಹಸಿರು ದಾರ ಓಡಿತು. ಸೊಟ್ಟ ಬಾಣದ ಮೇಲೆ ಅನ್ನದ ಅಗುಳು ಹಚ್ಚಿ ಬಿಳಿ ಕಾಗದ ಅಂಟಿಸಿ, ಇಬ್ಬರೂ ಗುಂಡಗೆ ಸುತ್ತುವ ಬಾಣ ಬರೆದರು. ಗುಂಡಗಿನದಕ್ಕೆ ಸ್ಕೇಲ್ ಉಪಯೋಗವಿಲ್ಲವೆಂದು ಸ್ಕೇಲ್ ಪೇಚಾಡಿದಳು. ಗುಳ್ಳೆ ಸೋಡಾ ಮುಚ್ಚಳ ಕೊಟ್ಟಳು.

ಬೆಳಗ್ಗೆ ಮೊದಲನೇ ಟೇಬಲ್ ಸುತ್ತ ಜಾತ್ರೆಯಷ್ಟು ಜನ. ಒಂದು ತಣ್ಣನೆಯ ಬಾಟಲಿ, ಒಂದು ಬಿಸಿಲಿಗಿಟ್ಟ ಬಾಟಲಿ. ತಣ್ಣನೆಯದು ಸುಮ್ಮನೆ ಟಪ್ ಎಂದಿತು. ಬಿಸಿಯದು ಬುಸ್ ಎಂದಾಗ ಮುಂದಿನ ಸಾಲಿನವರೆಲ್ಲ ನೆಂದು, ಇನ್ನೊಂದು ಸಲ, ಇನ್ನೊಂದು ಸಲ ಎಂದು ಕೂಗಿದರು. ಟೈಲರ್ ಮಾಮನೂ ಬಂದರು, ಸ್ವಲ್ಪ ತಡವಾಗಿ, ಬೆವರು ಒರೆಸಿಕೊಳ್ಳುತ್ತಾ.

"ಗಾಡಿ ಕೆಟ್ಟೋಯ್ತಾ ಅಪ್ಪ?" ಎಂದಳು ಸ್ಕೇಲ್.

"ಇಲ್ಲ, ಚೆನ್ನಾಗಿದೆ. ಮನೇಲಿದೆ," ಎಂದರು ಮಾಮ.

ಆಗ ಹೆಡ್ ಮಿಸ್ ಬಂದರು. ಗೆರೆಗಳನ್ನು ನೋಡಿದರು, ಗುಂಡಗಿನ ಬಾಣ ನೋಡಿದರು. ಆಮೇಲೆ ಕನ್ನಡಕ ಸರಿಮಾಡಿಕೊಂಡು ಹಸಿರು ಹೊಲಿಗೆಯ ಮೇಲೆ ಬೆರಳಾಡಿಸಿದರು. "ಇಷ್ಟು ಚೆನ್ನಾಗಿ ಬರೆದು ಇದನ್ನ ಹರಿದವರು ಯಾರು?"

ನಿನ್ನೆಯೆಲ್ಲ ಈ ಪ್ರಶ್ನೆಗೆ ಗುಳ್ಳೆಯ ನಾಲಿಗೆಯ ತುದಿಯಲ್ಲೇ ಉತ್ತರವಿತ್ತು. ಅವಳು, ಅವಳೇ ಮೊದಲು. ಈಗಲೂ ಅದು ಸೋಡಾದ ಗುಳ್ಳೆಯ ಹಾಗೆ ಮೇಲೆ ಬಂತು. ಗುಳ್ಳೆ ಚಾರ್ಟಿನ ಬಲತುದಿಯನ್ನು ನೋಡಿದಳು. ಹಾಳೆ ಸಾಲದೆ ಮೇಲಕ್ಕೆ ಹೋದ ನೀಲಿ ಗೆರೆ ಅಲ್ಲೇ ಇತ್ತು. ಈ ಸಲ ಶುರು ಮಾಡಿದ್ದು ನಾವೇ ಎಂದಿದ್ದಳು ಸ್ಕೇಲ್.

"ನಾನೇ ಮೊದಲು ಎಳೆದಿದ್ದು ಮಿಸ್," ಎಂದಳು.

ಟೇಬಲ್ಲಿನ ಕೆಳಗೆ ಒಂದು ಕೈ ಬಂದು ಅವಳ ಕೈ ಹಿಡಿದುಕೊಂಡಿತು.

"ನಾನೂ ಬಿಡಲಿಲ್ಲ ಮಿಸ್," ಎಂದಳು ಸ್ಕೇಲ್.