ಒಂದೇ ಸಲ ಹಾಕಿದ ಬೀಗ

ಗಂಗಾ ತಾನಾಗಿಯೇ ತಪ್ಪೊಪ್ಪಿಕೊಂಡ ಮೇಲೆ ಪತ್ತೆ ಮಾಡುವುದಕ್ಕೆ ಇನ್ನೇನು ಉಳಿಯಿತು ಎಂದು ಹೊಂಗೆಮನೆಯಲ್ಲಿ ಎಲ್ಲರೂ ಅಂದುಕೊಂಡರು. ಹಾಗೆ ಅಂದುಕೊಳ್ಳದವರು ರಾಧಾಬಾಯಿ ಒಬ್ಬರೇ.

"ನಾನಾ ಸುಟ್ಟೀನಿ. ದೀಪ ಹಂಗಾ ಉರಿಯಾಕ ಬಿಟ್ಟು ಬಂದೀನಿ. ಬ್ಯಾರೆ ಯಾರನ್ನೂ ಕೇಳಬ್ಯಾಡ್ರಿ," ಎನ್ನುತ್ತ ಗಂಗಾ ಅಂಗಳದ ಮೂಲೆಯಲ್ಲಿ ಕುಳಿತು ಎರಡೂ ಅಂಗೈಗಳನ್ನು ಸೀರೆಗೆ ಒರೆಸಿಕೊಳ್ಳುತ್ತಲೇ ಇದ್ದಳು. ಹಿಂದಿನ ಸಂಜೆ ಹೊತ್ತಿ ಉರಿದ ಉಗ್ರಾಣದಿಂದ ಇನ್ನೂ ಕಮಟು ವಾಸನೆ ಬರುತ್ತಿತ್ತು.

ಮಲಪನಗುಡಿಯ ಹೊರಗೆ, ಹಂಪಿಗೆ ಹೋಗುವ ದಾರಿಯಲ್ಲಿದ್ದ ಆ ಮನೆಯಲ್ಲಿ ಮನಸ್ಸಿನ ಕಾಯಿಲೆಯಿಂದ ಚೇತರಿಸಿಕೊಳ್ಳುತ್ತಿದ್ದ ಹೆಣ್ಣುಮಕ್ಕಳು ಇದ್ದುಕೊಂಡು ಬಾಳೆನಾರಿನ ಬುಟ್ಟಿ ಹೆಣೆಯುತ್ತಿದ್ದರು. ಅಡುಗೆ ಜಂಬಕ್ಕನದು. ಔಷಧಿ, ಆರೈಕೆ ರಾಧಾಬಾಯಿಯವರದು. ಮಾನಸಿಕ ಆಸ್ಪತ್ರೆಯಲ್ಲಿ ನರ್ಸಾಗಿದ್ದು ನಿವೃತ್ತರಾದ ಮೇಲೆ ಅವರು ಈ ಮನೆಯಲ್ಲೇ ನೆಲೆಸಿದ್ದರು. ಗುಳಿಗೆ ನುಂಗಿದ ಹಾಗೆ ಮಾಡಿ ತುಳಸಿಕಟ್ಟೆಗೆ ಉಗುಳುತ್ತಿದ್ದವಳನ್ನು ಒಂದೇ ಮಗ್ಗುಲಲ್ಲಿ ಬಾಡಿದ ತುಳಸಿಯಿಂದ ಹಿಡಿದವರು ಅವರು. ಅವರು ಯಾವುದಾದರೂ ಗುಟ್ಟು ಬಿಡಿಸಲು ಹೊರಟರೆ ಜಂಬಕ್ಕನಿಗೆ ಒಲೆಯ ಮೇಲಿನ ಅನ್ನದ ನೆನಪೂ ಇರುತ್ತಿರಲಿಲ್ಲ.

ಆದರೆ ಈ ಸಲ ಜಂಬಕ್ಕನ ಚಿಂತೆಯೆಲ್ಲ ಗಂಗಾಳದೇ. ಗಂಗಾಳಿಗಿದ್ದದ್ದು ಗೀಳು ಕಾಯಿಲೆ. ಒಲೆ ಆರಿದೆಯೋ, ಬೀಗ ಬಿದ್ದಿದೆಯೋ ಎಂದು ಹೋಗಿ ನೋಡುವುದು, ನೋಡಿದ್ದನ್ನು ನಂಬದೆ ಮತ್ತೆ ಹೋಗುವುದು. ಬೀಗ ಜಗ್ಗಿ ಜಗ್ಗಿ ಬೆರಳು ಬಾತುಕೊಳ್ಳುತ್ತಿದ್ದವು. ಇಲ್ಲಿಗೆ ಬಂದ ಮೇಲೆ ಡಾಕ್ಟರು ಗುಳಿಗೆ ಕೊಟ್ಟರು. ರಾಧಾಬಾಯಿ ಪಾಠ ಕೊಟ್ಟರು. ದಿನಾ ಸಂಜೆ ಉಗ್ರಾಣದಲ್ಲಿ ಹುಲಿಗೆಮ್ಮನ ಪಟದ ಮುಂದೆ ದೀಪ ಹಚ್ಚಿ, ಕೈಮುಗಿದು, ದೀಪ ಶಾಂತ ಮಾಡಿ ಬೀಗ ಹಾಕುವುದು ಗಂಗಾಳ ಕೆಲಸ. "ಬತ್ತಿ ತೆಗೆದು ಬಟ್ಟಲಿನ ನೀರಿಗೆ ಹಾಕು. ಚುಂಯ್ ಅಂದದ್ದು ಕೇಳು. ಮುಗೀತು ಅನ್ನು. ಬೀಗ ಹಾಕಿ ಬಂದುಬಿಡು. ತಿರುಗಿ ನೋಡಬ್ಯಾಡ," ಎಂದು ಅವರು ಹೇಳಿಕೊಟ್ಟಿದ್ದರು. ಎಷ್ಟೋ ತಿಂಗಳು ಅದು ಆಗಲಿಲ್ಲ. ಅರ್ಧ ದಾರಿಗೆ ಬಂದವಳು ಓಡಿ ಹೋಗುತ್ತಿದ್ದಳು.

ನಿನ್ನೆ ಆಗಿತ್ತು! ಮೊಟ್ಟಮೊದಲ ಸಲ ಅವಳು ತಿರುಗಿ ನೋಡದೆ ಬಂದು, ಅಡುಗೆಮನೆಯ ಮೊಳೆಗೆ ಬೀಗದಕೈ ತೂಗುಹಾಕಿ, ಅಂಗಳದಲ್ಲಿ ಹಾಡಿಗೆ ಕುಳಿತಿದ್ದಳು. ಜಂಬಕ್ಕನ ಕಣ್ಣಲ್ಲಿ ನೀರೇ ಬಂದಿತ್ತು. ಹಾಡು ಮುಗಿದ ಸ್ವಲ್ಪ ಹೊತ್ತಿಗೆ ಉಗ್ರಾಣದಿಂದ ಹೊಗೆ ಎದ್ದಿತು.

ಮುಂಜಾನೆ ಕಂಪ್ಲಿಯಿಂದ ಗಂಗಾಳ ಅಣ್ಣ ಬಸವರಾಜ್ ಬಂದಿಳಿದ. ಅಕ್ಕಿ ಗಿರಣಿಯ ಕೆಲಸ ಬಿಟ್ಟು ಬಂದವನ ಮುಖ ಗಂಟಾಗಿತ್ತು.

"ತಿರುಗಿ ನೋಡಬ್ಯಾಡ ಅಂದೋರು ನೀವಾ ಅಲ್ಲೇನ್ರಿ ಸಿಸ್ಟರಮ್ಮ? ನೋಡಿದ್ದರ ಇದು ಆಗ್ತಿತ್ತೇನು? ಗಂಟು ಕಟ್ಟು ಗಂಗಾ, ಮಧ್ಯಾಹ್ನದ ಬಸ್ಸಿಗೆ ಹೋಗೂಣು."

ಕಂಪ್ಲಿಯ ಮನೆಯೆಂದರೆ ಹಿತ್ತಲ ಕೋಣೆ, ಹೊರಗಿನಿಂದ ಹಾಕಿದ ಚಿಲಕ. ಇಲ್ಲಿಗೆ ಬರುವ ಮುಂಚೆ ಗಂಗಾ ವರ್ಷಗಟ್ಟಲೆ ಹಾಗೇ ಇದ್ದಳು ಎಂಬುದು ಜಂಬಕ್ಕನಿಗೆ ಗೊತ್ತಿತ್ತು.

ಅಷ್ಟರಲ್ಲಿ ಈ ಮನೆಯನ್ನು ನಡೆಸುವ ಟ್ರಸ್ಟಿನ ಅಧ್ಯಕ್ಷರಾದ ವ್ಯಾಸರಾಜ ರಾಯರು ಹೊಸಪೇಟೆಯಿಂದ ಕಾರಿನಲ್ಲಿ ಬಂದರು. ಜತೆಗೆ ಹೆಂಡತಿ ಪ್ರಿಯಂವದಾ. ನಿನ್ನೆ ಸಂಜೆಯೂ ಇಬ್ಬರೂ ಬಂದಿದ್ದರು. ಹೆಣ್ಣುಮಕ್ಕಳಿಗೆ ದೇವರ ಹಾಡು ಕಲಿಸುವುದು ಪ್ರಿಯಂವದಾ ಅವರ ಪಾಲಿನ ಸೇವೆ. ಅವರು ಹಾಡಿಸುವಾಗ ರಾಯರು ಕಾರಿನಲ್ಲಿ ಕುಳಿತು ಫೋನಿನಲ್ಲಿ ಮಾತಾಡುತ್ತಿರುತ್ತಾರೆ. ಬಾಯಲ್ಲಿ ಯಾವಾಗಲೂ ಏಲಕ್ಕಿ.

"ಪಾಪ, ಆಕೀನ ಯಾರೂ ಬಯ್ಯಬ್ಯಾಡ್ರಿ," ಎಂದರು ರಾಯರು ಮೆತ್ತಗೆ. "ಮನಸ್ಸು ಸರಿ ಇಲ್ಲದಾಕಿ. ಪೊಲೀಸು ಗಿಲೀಸು ಏನೂ ಬ್ಯಾಡ. ಅಣ್ಣನ ಜೋಡಿ ಕಳಿಸಿಬಿಡೋಣ." ಆಮೇಲೆ ಜಂಬಕ್ಕನ ಕಡೆ ತಿರುಗಿದರು. "ನಿಂದೂ ತಪ್ಪದ ನೋಡು. ಹಲಗಿ ಮ್ಯಾಲ ಇರೋ ಬುಟ್ಟಿ ತಂದು ಕಿಟಕಿ ಕೆಳಗ ಯಾಕ ಒಟ್ಟಬೇಕಿತ್ತು? ಇಲ್ಲಾಂದ್ರ ಇಷ್ಟು ಉರೀತಿರಲಿಲ್ಲ."

ಜಂಬಕ್ಕ ತಲೆ ತಗ್ಗಿಸಿದಳು. ಮಾತು ನಿಜವೇ. ಹಲಗೆಗೆ ಗೆದ್ದಲು ಹತ್ತಿತ್ತೆಂದು ನಿನ್ನೆ ದೀಪ ಹಚ್ಚುವ ಮುಂಚೆ ಅವಳೂ ಗಂಗಾಳೂ ಇಬ್ಬರೇ ಸೇರಿ ಬುಟ್ಟಿಗಳನ್ನೆಲ್ಲ ಇಳಿಸಿ ಕಿಟಕಿಯ ಕೆಳಗೆ ಒಟ್ಟಿದ್ದರು.

"ಊಟದ ತನಕ ಪುರಸತ್ತು ಕೊಡ್ರಿ," ಎಂದು ರಾಧಾಬಾಯಿ ಕನ್ನಡಕ ಏರಿಸಿ ಎದ್ದರು. "ಜಂಬಕ್ಕ, ಬಾ."

ಗಂಗಾ ಓಡಿಬಂದು ಜಂಬಕ್ಕನ ಸೆರಗು ಹಿಡಿದಳು. "ಜಂಬಕ್ಕ, ನಾ ಬತ್ತಿ ತೆಗೆದಿದ್ದೆ ಅಲ್ಲ? ತೆಗೆದಿದ್ದೆನೋ ಇಲ್ಲೋ? ನೀ ಹೇಳು, ನಾ ಏನೂ ಮಾಡಿಲ್ಲ ಅಂತ ಹೇಳು."

ಜಂಬಕ್ಕ ಬಾಯಿ ತೆರೆಯುವಷ್ಟರಲ್ಲಿ ರಾಧಾಬಾಯಿ ಅವಳ ಮೊಣಕೈ ಹಿಡಿದು ಮುಂದಕ್ಕೆ ಎಳೆದರು.

"ಅಯ್ಯ, ನಿಮ್ಮದೆಂಥಾ ಎದಿ ರೀ ಸಿಸ್ಟರಮ್ಮ! ನಿಂದೇನೂ ತಪ್ಪಿಲ್ಲವ್ವಾ ಅಂತ ಒಂದು ಮಾತು ಅಂದಿದ್ದರ ಏನಾಗ್ತಿತ್ತು?"

"ಈಗ ಅಂದ್ರ ಇನ್ನೊಂದು ತಾಸಿಗೆ ಮತ್ತ ಕೇಳ್ತಾಳ. ಸಮಾಧಾನ ಅನ್ನೋದು ಗೀಳಿಗೆ ಬೆಲ್ಲ ಇದ್ದಂಗ, ಹಾಕಿದಷ್ಟೂ ಇರುವಿ ಬರ್ತಾವ. ಆಕಿಗೆ ಬೇಕಾದದ್ದು ಖರೆ ಸಂಗತಿ. ಅದು ಸಿಗದಿದ್ರ ನೋಡು, ತಿರುಗಿ ನೋಡದ ಒಂದು ದಿನಾನೇ ಬೆಂಕಿ ಬಿತ್ತು ಅಂತ ಆಕಿ ಮನಸ್ಸಿನಾಗ ಕೂತುಬಿಡ್ತದ. ಆಮ್ಯಾಲೆ ಯಾವ ಗುಳಿಗಿ ಕೊಟ್ರೂ ಆಕಿ ನಮ್ಮ ಕೈಗೆ ಸಿಗಂಗಿಲ್ಲ."

ಉಗ್ರಾಣ ಅಂಗಳಕ್ಕೆ ಕಾಣದಂತೆ ಹಿತ್ತಲಿನಲ್ಲಿದ್ದ ಕಲ್ಲುಗೋಡೆ, ಕಲ್ಲುಚಪ್ಪಡಿಯ ಕೋಣೆ. ಒಳಗಿನದು ಸುಟ್ಟರೂ ಕೋಣೆ ನಿಂತಿತ್ತು. ರಾಧಾಬಾಯಿ ಬಾಗಿಲಲ್ಲೇ ನಿಂತು ಬಹಳ ಹೊತ್ತು ನೋಡಿದರು. ಕಿಟಕಿಯ ಗೋಡೆ ಚಪ್ಪಡಿಯ ತನಕ ಕರಿಬಡಿದಿತ್ತು. ಬುಟ್ಟಿ, ಹಲಗೆ, ನಾರಿನ ಕಟ್ಟು ಎಲ್ಲ ಒಂದೇ ಬೂದಿರಾಶಿ. ಯಾವುದು ಎಲ್ಲಿತ್ತೆಂದು ಹೇಳುವಂತಿರಲಿಲ್ಲ. ಎದುರು ಗೋಡೆಯ ಗೂಡಿನಲ್ಲಿ ಹುಲಿಗೆಮ್ಮನ ಪಟಕ್ಕೆ ಮಸಿ ಹಿಡಿದಿತ್ತು ಅಷ್ಟೇ. ಗಾಜು ಒಡೆದಿರಲಿಲ್ಲ, ಮಲ್ಲಿಗೆ ಬಾಡಿತ್ತು, ಸುಟ್ಟಿರಲಿಲ್ಲ.

"ದೀಪ ನೋಡು. ಬಟ್ಟಲು ನೋಡು," ಎಂದರು.

ಹಿತ್ತಾಳೆಯ ದೀಪದಲ್ಲಿ ಎಣ್ಣೆ ಇತ್ತು, ಬತ್ತಿ ಇರಲಿಲ್ಲ. ಬಟ್ಟಲಿನ ನೀರಿನ ಮೇಲೆ ಮಸಿಯ ಕೆನೆ. ರಾಧಾಬಾಯಿ ಬೆರಳದ್ದಿ ತಳದಿಂದ ಏನನ್ನೋ ಎತ್ತಿದರು. ತುದಿ ಕರಿಯಾಗಿ, ಉಳಿದದ್ದು ಬೆಳ್ಳಗೇ ಇದ್ದ ಬತ್ತಿ!

"ಸಿಸ್ಟರಮ್ಮ! ಇದು ಮೊನ್ನೀದಲ್ಲ. ಆಕಿ ದಿನಾ ಮುಂಜಾನೆ ಬಟ್ಟಲು ತೊಳೀತಾಳ!"

"ಗದ್ದಲ ಮಾಡಬ್ಯಾಡ. ಇದು ಅರ್ಧ. ಇನ್ನರ್ಧ ಬೇಕು."

ಕಿಟಕಿಯ ಸರಳುಗಳ ನಡುವೆ ಅವರು ಕೈ ತೂರಿಸಿ ಹೊರಗಿನ ಕಲ್ಲಂಚನ್ನು ಸವರಿದರು. ಜಂಬಕ್ಕ ಇಣುಕಿದಳು. ಹೊರಗೆ ನೆಲ ಆಳಕ್ಕೆ ಇಳಿದು ಜಾಲಿಮುಳ್ಳು ಬೆಳೆದಿತ್ತು. ಅಲ್ಲಿಂದ ಕಿಟಕಿ ಯಾರ ಕೈಗೂ ಎಟುಕದು. ಕಲ್ಲಂಚಿನ ಮೇಲೆ ಪುಟ್ಟ ಪುಟ್ಟ ಕಂದು ಕಲೆಗಳು. ಒಂದಲ್ಲ, ಎರಡಲ್ಲ, ಕೆಲವು ಹಳೆಯವು, ಮಳೆಗೆ ಮಾಸಿದವು.

ಜಂಬಕ್ಕ ಬಾಗಿಲ ಕಡೆ ತಿರುಗಿದಳು. "ಬೀಡಿ ತಿಕ್ಕಿದ ಕಲಿ! ಮೂಕಣ್ಣಂದಾ ಐತಿ ಸಿಸ್ಟರಮ್ಮ, ಕಾವಲುಗಾರ ಮೂಕಣ್ಣಂದಾ! ಆ ಮುದುಕ ಬೀಡಿ ಬಿಟ್ಟಿದ್ದು ನಾ ಕಂಡೇ ಇಲ್ಲ. ಈಗಾ ಹೋಗಿ ಅವನ ರುಮಾಲು ಹಿಡಿದು ಎಳಕೊಂಡು ಬರ್ತೀನಿ!"

"ನಿನ್ನೆ ಹಾಡು ನಡೆದಾಗ ನಿನ್ನ ಅಡಗಿಮನಿ ಮೆಟ್ಟಲ ಮ್ಯಾಲ ಕೂತು ಚಹಾ ಕುಡಕೋತ ಇದ್ದವರು ಯಾರು?"

"ಮೂಕಣ್ಣ," ಎಂದಳು ಜಂಬಕ್ಕ. ಹಾರಿದ ಹುರುಪು ಅಲ್ಲೇ ಇಳಿಯಿತು. "ಎರಡನೇ ಸಲ ಕೇಳಿ ಹಾಕಿಸಿಕೊಂಡ."

"ಮೊಳಿ ಮ್ಯಾಲಿನ ಬೀಗದಕೈ?"

"ನನ್ನ ಕಣ್ಣೆದುರಿಗಾ ಇತ್ತು. ಹೊಗಿ ಕಂಡ ಮ್ಯಾಲ ನಾನಾ ತಗೊಂಡು ಓಡಿದ್ದು."

"ಹಂಗಾರ ಇನ್ನೊಂದು ಬೀಗದಕೈ ಯಾರ ಹತ್ರ ಅದ ಅನ್ನೋದು ನಿನಗೂ ಗೊತ್ತು, ನನಗೂ ಗೊತ್ತು. ಎಲ್ಲಾರನ್ನೂ ಹೊಂಗಿ ಗಿಡದ ಕೆಳಗ ಕೂಡ್ಸು. ಚಹಾ ಇಡು, ಏಲಕ್ಕಿ ಹಾಕಬ್ಯಾಡ."

ಹೊಂಗೆಯ ನೆರಳಿಗೆ ಎಲ್ಲರೂ ಸೇರಿದರು. ಬಸವರಾಜ್ ತಂಗಿಯ ಗಂಟನ್ನು ತೊಡೆಯ ಮೇಲಿಟ್ಟುಕೊಂಡಿದ್ದ. ರಾಯ ದಂಪತಿಗೆ ಕುರ್ಚಿ. ಮೂಕಣ್ಣ ಕಿವಿಗೆ ಬೀಡಿ ಸಿಕ್ಕಿಸಿಕೊಂಡು ಬೇರಿನ ಮೇಲೆ ಕುಳಿತ. ಗಂಗಾ ನೆಲ ನೋಡುತ್ತಿದ್ದಳು.

"ಗಂಗಾ ತಪ್ಪೊಪ್ಪಿಕೊಂಡಾಳ," ಎಂದು ರಾಧಾಬಾಯಿ ಶುರುಮಾಡಿದರು. "ಒಪ್ಪಿಕೊಂಡದ್ದಕ್ಕೇ ನಾ ನಂಬಲಿಲ್ಲ. ಹೋದ ಮಳಿಗಾಲದಾಗ ಹಂಪಿ ಹತ್ರ ಬಾಳಿತೋಟ ನೀರಾಗ ಮುಳುಗಿದಾಗೂ ನಾ ನಳ ಬಿಟ್ಟು ಬಂದಿದ್ದೆನೇನೋ ಅಂತ ಕೇಳಿದಾಕಿ ಇಕಿ. ಅದು ಸುಳ್ಳು ಅಲ್ಲ, ಆಟ ಅಲ್ಲ. ಜಗತ್ತಿನಾಗ ಏನು ಕೆಟ್ಟದ್ದಾದ್ರೂ ತನ್ನ ಕೈಯಿಂದಲೇ ಆಯ್ತು ಅನಿಸೋದೇ ಈ ಕಾಯಿಲೆ. ನೆನಪು ಸರಿ ಇರ್ತದ, ನೆನಪಿನ ಮ್ಯಾಲ ನಂಬಿಕಿ ಇರಂಗಿಲ್ಲ. ಅದಕ್ಕ ಆಕಿ ಬಾಯಿ ಬಿಟ್ಟು ಆಕಿ ಕೈ ಏನು ಮಾಡಿತ್ತು ಅಂತ ನೋಡಿದೆ."

ಅವರು ಸೆರಗಿನಿಂದ ಬತ್ತಿ ತೆಗೆದು ತೋರಿಸಿದರು. "ಬಟ್ಟಲ ನೀರಾಗ ಇತ್ತು. ದೀಪ ಆಗಲೇ ಶಾಂತ ಆಗಿತ್ತು. ಬೆಂಕಿ ಹುಟ್ಟಿದ್ದು ಗೂಡಿನಾಗ ಅಲ್ಲ, ಕಿಟಕಿ ಕಡೆ. ದೇವರ ಗಾಜು ಸೈತ ಒಡೆದಿಲ್ಲ."

ಗಂಗಾ ತಲೆ ಎತ್ತಿದಳು.

"ಕಿಟಕಿ ಹತ್ರ ನಿಂತು ಯಾರೋ ಭಾಳ ದಿನದಿಂದ ಹೊಗಿ ಬಿಡ್ತಿದ್ರು. ತುಂಡು ತಿಕ್ಕಿದ ಕಲಿ ಹೊರಗಿನ ಕಲ್ಲ ಮ್ಯಾಲ ಅದಾವ. ಹೊರಗಿಂದ ಕೈ ಎಟುಕಂಗಿಲ್ಲ, ಅಂದ್ರ ಅವರು ಒಳಗ ಬರ್ತಿದ್ರು. ಒಳಗ ಬರಾಕ ಬೀಗದಕೈ ಬೇಕು. ನಮ್ಮದು ಮೊಳಿಗಿತ್ತು. ಇನ್ನೊಂದು ಟ್ರಸ್ಟಿನ ಹತ್ರ ಅದ."

"ಏನಂತೀರಿ ನೀವು?" ಪ್ರಿಯಂವದಾ ಎದ್ದೇಬಿಟ್ಟರು. "ಹಾರ್ಟ್ ಆಪರೇಷನ್ ಆದಾಗಿಂದ ನಮ್ಮವರು ಸಿಗರೇಟು ಮುಟ್ಟಿಲ್ಲ! ದೇವರ ಮುಂದ ಆಣಿ ಮಾಡ್ಯಾರ!"

"ರಾಯರೇ, ನೀವು ಉಗ್ರಾಣದೊಳಗ ಕಾಲಿಟ್ಟು ಎಷ್ಟು ದಿನ ಆತು?"

"ಅಯ್ಯೋ, ಯುಗಾದಿ ಮುಂಚೆ ಯಾವಾಗೋ," ಎಂದರು ರಾಯರು. ಬಾಯಲ್ಲಿದ್ದ ಏಲಕ್ಕಿಯನ್ನು ಅಗಿಯುವುದು ನಿಂತಿತ್ತು.

"ಬುಟ್ಟಿ ಕಿಟಕಿ ಕೆಳಗಿದ್ವು ಅಂತ ಮುಂಜಾನೆ ಜಂಬಕ್ಕಗ ನೀವೇ ಬೈದ್ರಿ. ನನಗ ಗೊತ್ತಿರಲಿಲ್ಲ. ಮೂಕಣ್ಣಗ ಗೊತ್ತಿರಲಿಲ್ಲ. ನಿನ್ನೆ ದೀಪ ಹಚ್ಚೋ ಹೊತ್ತಿಗೆ ಜಂಬಕ್ಕ, ಗಂಗಾ ಇಬ್ಬರೇ ಇಳಿಸಿ ಇಟ್ಟದ್ದು. ಬಾಗಿಲ ತೆಗೆದಾಗ ಒಳಗೆಲ್ಲ ಹೊಗಿ, ಈಗ ಬರೇ ಬೂದಿ. ಬೀಗ ಬಿದ್ದ ಮ್ಯಾಲ ಒಳಗ ಹೋದವರು ಬಿಟ್ರ ಬುಟ್ಟಿ ಎಲ್ಲಿದ್ವು ಅನ್ನೋದು ಯಾರಿಗೆ ಕಂಡೀತು?"

ಜಂಬಕ್ಕ ಚಹಾದ ತಟ್ಟೆಯನ್ನು ನೆಲಕ್ಕಿಟ್ಟಳು. ಮುಂಜಾನೆ ತಲೆ ತಗ್ಗಿಸಿ ತಾನು ಕೇಳಿಸಿಕೊಂಡ ಬೈಗುಳವೇ ಸಾಕ್ಷಿ!

"ಬೇಕಂತ ಮಾಡಿದ್ದಲ್ಲ," ಎಂದರು ರಾಯರು ಕೊನೆಗೆ. "ನಮ್ಮಾಕಿ ಹಾಡು ಮುಗಿಸಿ ಕರೆದ್ಲು. ಗಾಬರಿಯಾಗಿ ಉರಿಯೋ ಸಿಗರೇಟು ಅಂಚಿನ ಮ್ಯಾಲ ಇಟ್ಟು, ಬೀಗ ಹಾಕಿ ಓಡಿ ಬಂದೆ. ಯಾವಾಗ್ಲೂ ಕಿಟಕಿ ಕೆಳಗ ಬರೇ ಕಲ್ಲು ಇರ್ತಿತ್ತು. ಒಳಗ ಬಿದ್ರೂ ಆರತಿತ್ತು. ನಿನ್ನೆ ಬುಟ್ಟಿ..." ಅವರು ಗಂಗಾಳ ಕಡೆ ನೋಡಲಾರದೆ ಹೋದರು. "ಹೇಳಬೇಕಂತಲೇ ಇದ್ದೆ. ಅಷ್ಟರಾಗ ಆಕಿನೇ ಒಪ್ಪಿಕೊಂಡುಬಿಟ್ಲು. ಹೆಂಗೂ ಮನಸ್ಸು ಸರಿ ಇಲ್ಲದಾಕಿ, ಆಕೀಗೆ ಯಾರೇನು ಅಂತಾರ ಅಂತ..."

"ತನ್ನದಲ್ಲದ್ದನ್ನೂ ತನ್ನ ತಲಿ ಮ್ಯಾಲ ಹೊತ್ತುಕೊಳ್ಳೋದು ಗಂಗಾನ ಕಾಯಿಲೆ ರಾಯರೇ. ಅದಕ್ಕ ಔಷಧಿ ಅದ," ಎಂದರು ರಾಧಾಬಾಯಿ. "ತನ್ನದನ್ನ ಆಕಿ ತಲಿ ಮ್ಯಾಲ ಹೊರಿಸಿದ್ದಕ್ಕ ನನ್ನ ಹತ್ರ ಯಾವ ಗುಳಿಗಿನೂ ಇಲ್ಲ."

ಪ್ರಿಯಂವದಾ ಗಂಡನ ಮುಂದೆ ಕೈ ಚಾಚಿದರು. "ಬೀಗದಕೈ ಕೊಡ್ರಿ." ರಾಯರು ಜೇಬಿನಿಂದ ತೆಗೆದುಕೊಟ್ಟರು. "ಅದನ್ನೂ." ಸಿಗರೇಟಿನ ಪ್ಯಾಕೂ ಬಂತು. ಆಕೆ ಬೀಗದಕೈಯನ್ನು ಗಂಗಾಳ ಮಡಿಲಿಗೆ ಹಾಕಿದರು. "ನಿಮ್ಮ ಆಣಿ ಕತಿ ಮನ್ಯಾಗ ಮಾತಾಡೋಣ. ಮೊದಲು ಆಕೀಗೆ ಕೈ ಮುಗೀರಿ."

ರಾಯರು ಕುರ್ಚಿಯಿಂದೆದ್ದು ಕೈ ಮುಗಿದರು. ಮೂಕಣ್ಣ ಕಿವಿಯ ಬೀಡಿಯನ್ನು ಮೆಲ್ಲಗೆ ರುಮಾಲಿನೊಳಗೆ ಅಡಗಿಸಿದ.

ಬಸವರಾಜ್ ತಂಗಿಯ ಗಂಟನ್ನು ಎತ್ತಲೂ ಇಲ್ಲ, ಇಳಿಸಲೂ ಇಲ್ಲ. "ಸಿಸ್ಟರಮ್ಮ," ಎಂದ ತಡವರಿಸಿ, "ಅಂದ್ರ ನಿನ್ನೆ ಇಕಿ ಒಂದಾ ಸಲಕ್ಕ ಸರಿ ಮಾಡಿದ್ಲು?"

"ಒಂದೇ ಸಲಕ್ಕ."

ಅವನು ಗಂಟನ್ನು ಹೊಂಗೆಯ ಬೇರಿಗೆ ಒರಗಿಸಿಟ್ಟ. ಮಧ್ಯಾಹ್ನದ ಬಸ್ಸು ಹಾರ್ನ್ ಹೊಡೆಯುತ್ತ ಕಂಪ್ಲಿಯ ಕಡೆ ಹೋದಾಗ ಅವನು ತಂಗಿಯ ಪಕ್ಕದಲ್ಲಿ ಎಲೆಯ ಮುಂದೆ ಕುಳಿತು ಎರಡನೇ ಸಲ ಸಾರು ಹಾಕಿಸಿಕೊಳ್ಳುತ್ತಿದ್ದ.

ಸಂಜೆ ಉಗ್ರಾಣದ ಹೊರಗೆ ಉಳಿದಿದ್ದ ನಾರನ್ನು ಅಡುಗೆಮನೆಯ ಪಕ್ಕದ ಕೋಣೆಗೆ ಸಾಗಿಸಿದರು. ಹುಲಿಗೆಮ್ಮನ ಪಟ ಒರೆಸಿ ಅಲ್ಲಿಟ್ಟರು. ಗಂಗಾ ದೀಪ ಹಚ್ಚಿದಳು, ಕೈಮುಗಿದಳು, ಬತ್ತಿ ತೆಗೆದು ನೀರಿಗೆ ಹಾಕಿದಳು. ಚುಂಯ್ ಅಂದಿತು. "ಮುಗೀತು," ಎಂದಳು. ಬೀಗ ಹಾಕಿದವಳ ಕೈ ಬೀಗದ ಮೇಲೆಯೇ ಒಂದು ಗಳಿಗೆ ನಿಂತಿತು.

ಕೈ ಕೆಳಗಿಳಿಯಿತು. ಗಂಗಾ ನಡೆದಳು. ತುಳಸಿಕಟ್ಟೆ ದಾಟಿದಳು, ಅಂಗಳ ದಾಟಿದಳು, ತಿರುಗಿ ನೋಡಲಿಲ್ಲ.

ಅವಳ ಹಿಂದೆ ಹೊರಟಿದ್ದ ಜಂಬಕ್ಕನಿಗೆ ಮಾತ್ರ ತಡೆಯಲಾಗಲಿಲ್ಲ. ಸುಮ್ಮನೆ ಹಿಂದಕ್ಕೆ ಹೋಗಿ ಬೀಗವನ್ನು ಒಮ್ಮೆ ಜಗ್ಗಿದಳು. ಖಣ್ ಎಂದಿತು.

"ಜಂಬಕ್ಕಾ," ಎಂದು ಅಂಗಳದ ಆಚೆಯಿಂದ, ಈಕಡೆ ತಿರುಗದೆಯೇ, ಗಂಗಾ ನಗುತ್ತ ಕೂಗಿದಳು. "ಬೀಗ ಬಿದ್ದೈತಿ, ಬಾರಕ್ಕ. ಒಲಿ ಮ್ಯಾಲ ಅನ್ನ ಸೀಯಾಕ ಹತ್ತೈತಿ!"